ಕೋರ್ಟಿನ ಕಾಗದ ಶಾಲೆ ಗೇಟಿಗೂ ಬರಲಿ

ಮನೆಯೊಳಗೆ ಹೆಂಗಸರನ್ನು ಬಡಿಯುವವರ ಕೈ ಹಿಡಿಯಲು 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಅದರ 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು. ಹೊಡೆದವನು ಆಕೆ ದುಡಿಯುವ ಜಾಗಕ್ಕೆ, ಹಿಂಸೆ ಉಂಡದ್ದು ಮಗುವಾದರೆ ಅದರ ಶಾಲೆಗೆ ಕಾಲಿಡಬಾರದು. ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಸರಿ. ಈ ಆದೇಶದ ನಕಲು ಯಾರಿಗೆ ಹೋಗುತ್ತೆ? 24ನೇ ಕಲಮು ಓದಿ. ಎರಡೂ ಕಡೆಯವರಿಗೆ, ಪೊಲೀಸ್ ಠಾಣೆಗೆ, ಸೇವಾ ಸಂಸ್ಥೆಗೆ. ಶಾಲೆಯ ಹೆಸರೇ ಇಲ್ಲ! ಯಾವ ಗೇಟು ದಾಟಬೇಡ ಅಂತ ಕೋರ್ಟು ಹೇಳಿತೋ ಆ ಗೇಟು ಕಾಯುವವನಿಗೇ ಸುದ್ದಿಯಿಲ್ಲ. 'ಮಗಳನ್ನ ಕರಕೊಂಡು ಹೋಗ್ತೀನಿ' ಅಂತ ಬಂದು ನಿಂತರೆ, ಅಪ್ಪ ತಾನೇ ಅಂತ ವಾರ್ಡನ್ ಕಳಿಸಿಬಿಡ್ತಾರೆ.

ಶಾಲೆಗೆ ತಿಳಿಸಿದರೆ ಊರೆಲ್ಲ ಡಂಗುರ ಆಗುತ್ತೆ ಅನ್ನೋ ಭಯ ಸುಳ್ಳಲ್ಲ. ಬಡವರ ಮನೆ ಕಷ್ಟ ಕೆಲವರಿಗೆ ಬಾಯಿಚಪಲ. ಆದ್ದರಿಂದ ನಮ್ಮ ಒತ್ತಾಯ ಇಷ್ಟೇ: ತಾಯಿ, ಮಗಳು ಒಪ್ಪಿದರೆ ಕೋರ್ಟೇ ಹೆಡ್‌ಮಾಸ್ತರಿಗೆ, ವಾರ್ಡನ್ನಿಗೆ ಮುಚ್ಚಿದ ಲಕೋಟೆಯಲ್ಲಿ ನಕಲು ಕಳಿಸಲಿ. ಯಾರನ್ನು ಒಳಗೆ ಬಿಡಬಾರದು ಅನ್ನೋದು ವಾಚ್‌ಮನ್‌ಗೆ ಗೊತ್ತಾದರೆ ಸಾಕು, ಯಾಕೆ ಅನ್ನೋದು ಬೇಡ. ಕಾನೂನು ತಿದ್ದುವವರೆಗೆ ಕಾಯಬೇಡಿ. ತಾಯಿಗೆ ಪುಕ್ಕಟೆ ಸಿಗುವ ನಕಲನ್ನೇ ಜೆರಾಕ್ಸ್ ಮಾಡಿಸಿ ಕೊಡಿ, ಮುಟ್ಟಿದ ಬಗ್ಗೆ ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ಆದೇಶ ಕಟ್ಟಿಹಾಕೋದು ಹೊಡೆದವನನ್ನ, ಹುಡುಗಿಯನ್ನಲ್ಲ. 'ನಿನ್ನಿಂದ ರಗಳೆ' ಅಂತ ಅವಳನ್ನು ಹಾಸ್ಟೆಲಿನಿಂದ ಕಳಿಸಲು ಹೊರಟರೆ, ಗೆಳೆಯರೇ, ಅವಳ ಪಕ್ಕ ನಿಲ್ಲಬೇಕಾದವರು ನಾವೇ. ಅವಳ ಓದು ನಿಲ್ಲಬಾರದು.