ಮೂರನೆಯ ಮನೆಯ ಹೊಣೆ

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭವೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಗೃಹಸ್ಥರ ಅನುಭವವಾದರೋ ಇದಕ್ಕೆ ವಿರುದ್ಧ. ನೆರೆಯ ಎರಡು ಮನೆಗಳು ಮಾತು ಬಿಟ್ಟರೆ, ಇಬ್ಬರಿಗೂ ಬೇಕಾದ ಮೂರನೆಯ ಮನೆಯವರಿಗೆ ಮದುವೆಯ ಕರೆಯೋಲೆ ಕೊಡುವುದೂ ಸಂಕಟವಾಗುತ್ತದೆ.

ಈ ಸಂಕಟವನ್ನು ಮನಶ್ಶಾಸ್ತ್ರಜ್ಞ ಫ್ರಿಟ್ಜ್ ಹೈಡರ್ 1946ರಲ್ಲಿ ಸಮತೋಲನದ ತತ್ತ್ವವಾಗಿ ವಿವರಿಸಿದರು. ಮಿತ್ರನ ಮಿತ್ರನು ನಮಗೂ ಮಿತ್ರನಾದರೆ, ಮಿತ್ರನ ವೈರಿಯು ನಮಗೂ ವೈರಿಯಾದರೆ ಮನಸ್ಸಿಗೆ ನಿರಾಳ. ಮಿತ್ರರಿಬ್ಬರು ತಮ್ಮಲ್ಲಿಯೇ ವೈರಿಗಳಾದರೆ ಮನಸ್ಸು ತೊಳಲುತ್ತದೆ. ಆಗ ಇಬ್ಬರನ್ನೂ ಕೂಡಿಸಬೇಕು, ಇಲ್ಲವೇ ಒಬ್ಬರನ್ನು ತೊರೆಯಬೇಕು. ತೊರೆಯುವುದು ಸುಲಭ. ಆದರೆ ಎಲ್ಲರೂ ಸಮತೋಲನವನ್ನೇ ಸಾಧಿಸಿದರೆ ಸಮುದಾಯವು ಪೂರ್ಣವಾಗಿ ಒಂದಾಗುತ್ತದೆ, ಇಲ್ಲವೇ ಎದುರುಬದುರಾದ ಎರಡು ಬಣಗಳಾಗಿ ಒಡೆಯುತ್ತದೆಂದು ಕಾರ್ಟ್‌ರೈಟ್ ಮತ್ತು ಹರಾರಿ 1956ರಲ್ಲಿ ಗಣಿತದಿಂದ ತೋರಿಸಿದರು. ಸಮತೋಲನವೆಲ್ಲವೂ ಸೌಹಾರ್ದವಲ್ಲ.

ಮೂರನೆಯ ಮನೆಯ ಬೆಲೆಗೆ ನಮ್ಮ ನಾಡಿನಲ್ಲಿಯೇ ಸಾಕ್ಷ್ಯವಿದೆ. ಕರ್ನಾಟಕದ 75 ಹಳ್ಳಿಗಳಲ್ಲಿ ಯಾರು ಯಾರ ಮನೆಗೆ ಹೋಗಿಬರುತ್ತಾರೆ, ಅಕ್ಕಿ, ಸೀಮೆಎಣ್ಣೆಗಳನ್ನು ಯಾರಿಂದ ಕಡ ತರುತ್ತಾರೆ ಎಂಬುದನ್ನು 2006ರಲ್ಲಿ ಸಂಶೋಧಕರು ಕೇಳಿ ಬರೆದುಕೊಂಡರು. ಹೀಗೆ ಕೊಟ್ಟು ತರುವ ಜೋಡಿಗಳಿಗೆ ಬಹುಮಟ್ಟಿಗೆ ಇಬ್ಬರನ್ನೂ ಬಲ್ಲ ಸ್ನೇಹಿತನೊಬ್ಬನು ಇರುತ್ತಾನೆಂದು ಮ್ಯಾಥ್ಯೂ ಜ್ಯಾಕ್ಸನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಕೊಟ್ಟ ಮಾತಿಗೆ ಅವನೇ ಕಾವಲು.

ಮುಂದೆ ಆ ಪೈಕಿ 43 ಹಳ್ಳಿಗಳಿಗೆ ಮೈಕ್ರೋ ಫೈನಾನ್ಸ್ ಸಾಲ ಬಂದಿತು. 2012ರಲ್ಲಿ ಮರಳಿ ವಿಚಾರಿಸಿದಾಗ, ಸಾಲ ಬಾರದ ಹಳ್ಳಿಗಳಿಗಿಂತ ಅಲ್ಲಿ ಬಳಕೆಯ ಸಂಬಂಧಗಳು ಹೆಚ್ಚು ಕುಗ್ಗಿದ್ದವು. ಸೋಜಿಗವೆಂದರೆ, ಸಾಲ ಪಡೆಯುವ ಸಂಭವವೇ ಕಡಿಮೆಯಿದ್ದ ಮನೆಗಳ ನಡುವಿನ ನಂಟೂ ಅಷ್ಟೇ ಸಡಿಲಗೊಂಡಿತ್ತು. ಕೆಲವರು ಹೋಗಿಬರುವುದನ್ನು ಕಡಿಮೆ ಮಾಡಿದರೆ ಉಳಿದವರು ಪರಸ್ಪರ ಕಾಣುವ ಸಂದರ್ಭವೂ ಕಡಿಮೆಯಾಗುತ್ತದೆಂಬುದು ಸಂಶೋಧಕರ ವಿವರಣೆ.

ನಮ್ಮ ಮಹದೇವಪುರದವರು ಇದನ್ನು ಮನನ ಮಾಡಬೇಕು. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರುವ ಮೊದಲು ಇದು ಪ್ರತ್ಯೇಕ ನಗರಸಭೆಯಾಗಿದ್ದಿತು. ಇಂದು ಹೂಡಿ, ಗರುಡಾಚಾರ್ ಪಾಳ್ಯಗಳ ಬಹುಮಹಡಿ ಮನೆಗಳಿಗೆ ಸಕ್ಕರೆಯೂ ಫೋನಿನ ಮೂಲಕವೇ ಬರುತ್ತದೆ. ನೆರೆಮನೆಯ ಬಾಗಿಲು ತಟ್ಟಲು ಕಾರಣವೇ ಉಳಿದಿಲ್ಲ. ಹೀಗೆ ತೆಳುವಾದ ನಂಟಿನಲ್ಲಿ ಒಂದು ಜಗಳ ಬಿದ್ದರೆ ಕೂಡಿಸುವವರು ಯಾರು?

ಆದ್ದರಿಂದ ಸದ್ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೆ: ಬೇಕಾದವರಿಬ್ಬರು ಮುನಿದಾಗ ಅವಸರದಿಂದ ಒಂದು ಪಕ್ಷ ಹಿಡಿಯಬೇಡಿರಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯದೆ ಎರಡೂ ಮನೆಗಳಿಗೆ ಹೋಗಿಬನ್ನಿರಿ. ಎರಡು ಕಡೆಯವರೆಂಬ ಅಪವಾದ ಬಂದರೆ ಬರಲಿ. ಆ ತೊಳಲಾಟವನ್ನು ತಾಳಿಕೊಂಡ ಒಂದು ಮನೆ ಇರುವವರೆಗೆ ಬೀದಿ ಎರಡಾಗುವುದಿಲ್ಲ.