ಹಕ್ಕಲಾಯುವವಳ ಪಾಲು

ಪ್ರತಿ ಪ್ರಾತಃಕಾಲದಲ್ಲಿಯೂ ದಿನದ ಆಹಾರಕ್ಕಾಗಿ ಪರಲೋಕದ ತಂದೆಯನ್ನು ಬೇಡಿಕೊಳ್ಳುವ ನಾವು, ಆ ಆಹಾರವನ್ನು ಬೆಳೆಯುವವರ ಸಂಕಟವನ್ನು ಕಿಂಚಿತ್ತಾದರೂ ಅರಿತಿರುವುದು ಯುಕ್ತವಲ್ಲವೆ?

ಭತ್ತವು ಕಾಲವನ್ನು ನಂಬಿದ ಬೆಳೆ. ಸಕಾಲಕ್ಕೆ ನೀರು ದೊರೆಯದೆ ಪೈರು ಸಸಿಮಡಿಯಲ್ಲಿಯೇ ಬಲಿತುಹೋದರೆ, ನಾಟಿಯ ತರುವಾಯ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ಹೂಬಿಡುವ ವೇಳೆಯಲ್ಲಿ ಸೆಖೆಯು 35 ಡಿಗ್ರಿಯನ್ನು ಮೀರಿದರೆ ಕಾಳು ಜೊಳ್ಳಾಗುತ್ತದೆ. ರಾತ್ರಿಯ ಸೆಖೆಯೂ ಬಾಧಕವೇ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ, ರಾತ್ರಿಯ ಉಷ್ಣತೆಯು 1 ಡಿಗ್ರಿ ಏರಿದಾಗ ಬೇಸಗೆ ಬೆಳೆಯ ಇಳುವರಿಯು ಶೇಕಡಾ 10ರಷ್ಟು ಇಳಿದುದು ಕಂಡುಬಂತು.

ನಮ್ಮ ನಾಡಿನಲ್ಲಿ 2023ರಲ್ಲಿ ಮಳೆಯು ಕೈಕೊಟ್ಟು, 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು. ಮಂಡ್ಯದ ಗದ್ದೆಗಳಿಗೆ ಆಧಾರವಾದ ಕೃಷ್ಣರಾಜಸಾಗರವು ತುಂಬಲಿಲ್ಲ. ಅದೇ ಜಲಾಶಯವು 2025ರಲ್ಲಿ ಜೂನ್ ತಿಂಗಳಿನಲ್ಲಿಯೇ ತುಂಬಿತು. ಒಂದು ವರ್ಷದ ಬರದಿಂದಲೇ ಹವಾಮಾನ ಬದಲಾಯಿತೆಂದು ನಿರ್ಣಯಿಸುವುದು ಸರಿಯಲ್ಲ. 2023ರಲ್ಲಿ ಶಾಂತಸಾಗರದ ಎಲ್ ನಿನೊ ಸಹ ಕಾರಣವಾಗಿತ್ತು. ಆದರೂ ಭೂಮಿಯು ಕಾದಷ್ಟೂ ಬರವೂ ಅತಿವೃಷ್ಟಿಯೂ ತೀವ್ರವಾಗುವವೆಂದು ಶಾಸ್ತ್ರಜ್ಞರು ಎಚ್ಚರಿಸುತ್ತಾರೆ.

ಬೆಳೆ ಕೆಟ್ಟಾಗ ಸರಕಾರದ ಪರಿಹಾರವು ಪಹಣಿಯಲ್ಲಿ ಹೆಸರುಳ್ಳವರಿಗೆ ಸಲ್ಲುತ್ತದೆ. 1974ರ ಭೂಸುಧಾರಣೆಯು ಗೇಣಿಪದ್ಧತಿಯನ್ನು ತೆಗೆದುಹಾಕಿದರೂ ಬಾಯಿಮಾತಿನ ಗುತ್ತಿಗೆಯು ಇಂದಿಗೂ ಉಂಟು. ಹಾಗೆ ಉಳುವವನ ಹೆಸರು ಯಾವ ಕಾಗದದಲ್ಲಿಯೂ ಇರುವುದಿಲ್ಲ. ಇನ್ನು ಕೆಸರಿನಲ್ಲಿ ಬೆನ್ನು ಬಾಗಿಸಿ ನಾಟಿಮಾಡುವವರು ಬಹುಮಟ್ಟಿಗೆ ಹೆಂಗಸರು. ನಾಟಿಯು ನಿಂತ ದಿವಸವೇ ಅವರ ಕೂಲಿಯೂ ನಿಲ್ಲುತ್ತದೆ. ಆ ನಷ್ಟವನ್ನು ಬರೆದುಕೊಳ್ಳುವವರು ಯಾರು? ತಾಯಿಯ ಆ ಕೂಲಿಯನ್ನೇ ಮಗಳ ಓದು ಆಶ್ರಯಿಸಿರುವುದೆಂಬುದನ್ನು ಶಾಲೆಯಲ್ಲಿರುವ ನಾವು ಬಲ್ಲೆವು.

ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ಭೂಮಿಯಿಲ್ಲದ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಆ ಶಾಸ್ತ್ರವು ಕೊಟ್ಟ ಹಕ್ಕಿನಿಂದ. ನಮ್ಮಲ್ಲಿಯೂ ಹಾಗೆಯೇ ಆಗಬೇಕು. ಗ್ರಾಮಪಂಚಾಯಿತಿಯು ಗುತ್ತಿಗೆಗೆ ಉಳುವವರನ್ನೂ ನಾಟಿಯ ಕೂಲಿಯವರನ್ನೂ ಬಿತ್ತನೆಗೆ ಮುಂಚಿತವಾಗಿಯೇ ಪಟ್ಟಿಮಾಡಲಿ; ಪರಿಹಾರದಲ್ಲಿ ಅವರಿಗೂ ಪಾಲು ದೊರೆಯಲಿ. ಇದರಿಂದ ಒಡೆತನದ ವ್ಯಾಜ್ಯಗಳು ಹುಟ್ಟುವವೆಂದು ಭೂಮಾಲಿಕರು ಅಂಜಬಹುದು. ಪಟ್ಟಿಯು ನಷ್ಟದ ಲೆಕ್ಕಕ್ಕೆ ಮಾತ್ರ ಸಲ್ಲುವುದೆಂದು ಕಾನೂನಿನಲ್ಲಿಯೇ ಸ್ಪಷ್ಟಪಡಿಸಿದರೆ ಆ ಭಯಕ್ಕೆ ಆಸ್ಪದವಿರದು.

ನಮ್ಮ ವಿದ್ಯಾರ್ಥಿನಿಯರು ಪಠ್ಯಪುಸ್ತಕದೊಂದಿಗೆ ಪಹಣಿಯನ್ನೂ ಓದಲು ಕಲಿಯಲಿ. ಅದರಲ್ಲಿ ಯಾರ ಹೆಸರು ಇಲ್ಲವೆಂದು ವಿಚಾರಿಸುವ ಧೈರ್ಯವನ್ನು ದೇವರು ಅವರಿಗೆ ದಯಪಾಲಿಸಲಿ.