ಕಟ್ಟಿದ ಶೌಚಾಲಯದಲ್ಲಿ ಕಟ್ಟಿಗೆ ಏಕೆ?

ಮುಂಬಯಿಯ ಚಾಳುಗಳಲ್ಲಿ ಬೆಳಗಾಗುವ ಮುನ್ನ ಬಾಲ್ದಿ ಹಿಡಿದು ಸಂಡಾಸಿನ ಸಾಲಿನಲ್ಲಿ ನಿಂತ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಹೋಟೆಲಿನಲ್ಲಿ ದುಡಿಯುವವರಿಗೂ, ಗಿರಣಿಯಲ್ಲಿ ದುಡಿದು ದಣಿದ ಹಿರಿಯರಿಗೂ ಆ ಕಷ್ಟ ಗೊತ್ತು. ಆದರೆ ಊರಿನಲ್ಲಿ ನಮ್ಮ ತಾಯಿ, ಅಕ್ಕತಂಗಿಯರು ಕತ್ತಲಾಗುವುದನ್ನೇ ಕಾಯುತ್ತ ದಿನವಿಡೀ ತಡೆದುಕೊಂಡಿರುವುದನ್ನು ಎಷ್ಟು ಸಲ ನೆನೆದಿದ್ದೇವೆ?

ಸರಕಾರ ಏನೂ ಮಾಡಿಲ್ಲವೆನ್ನಲಾಗದು. 2014ರ ಗಾಂಧಿ ಜಯಂತಿಯಂದು ಸ್ವಚ್ಛ ಭಾರತ ಯೋಜನೆ ಆರಂಭವಾಯಿತು. ಹಳ್ಳಿಯ ಅರ್ಹ ಕುಟುಂಬಗಳಿಗೆ 12,000 ರೂಪಾಯಿ ಸಹಾಯಧನ ದೊರೆಯಿತು. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚದಿಂದ ಮುಕ್ತವೆಂದು ಘೋಷಣೆಯೂ ಆಯಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇಕಡಾ 19 ಮನೆಗಳವರಿಗೆ ಬಯಲೇ ಗತಿಯಾಗಿತ್ತು. 2015–16ರಲ್ಲಿ ಅದು ಶೇಕಡಾ 39 ಇತ್ತು. ಇಳಿದದ್ದು ನಿಜ, ಮುಗಿದಿರಲಿಲ್ಲವೆಂಬುದೂ ನಿಜ.

ಕಳೆದ ಸಲ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಹಿತ್ತಲಿನ ಶೌಚಾಲಯದ ತುಂಬ ಕಟ್ಟಿಗೆ, ಕುಳ್ಳು ಪೇರಿಸಿದ್ದರು. “ಯಾಕ ವೈನಿ, ಹಿಂಗ?” ಎಂದೆ.

“ಗುಂಡಿ ಲಗೂನ ತುಂಬತೈತಿ. ತುಂಬಿದ ಮ್ಯಾಲ ಬಳಿಯಾವ್ರು ಯಾರೋ ತಮ್ಮಾ?” ಎಂದರು.

ಆ ಪ್ರಶ್ನೆಯಲ್ಲಿ ಎಲ್ಲವೂ ಇದೆ. ಬಳಿಯುವ ಕೆಲಸವನ್ನು ಒಂದು ಕಾಲಕ್ಕೆ ಕೆಲವು ಜಾತಿಯವರ ತಲೆಯ ಮೇಲೆ ಹೊರಿಸಿದ್ದೆವು. 1970ರ ದಶಕದಲ್ಲಿ ಕರ್ನಾಟಕದ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 2013ರ ಕೇಂದ್ರ ಕಾಯಿದೆಯಂತೆ ಮನುಷ್ಯರ ಕೈಯಿಂದ ಮಲ ಬಳಿಸುವುದು ಅಪರಾಧ. ಆ ಕಾಲ ಮತ್ತೆ ಬರಕೂಡದು.

ಬರಬೇಕಾಗಿಯೂ ಇಲ್ಲ. ಜೋಡಿ ಗುಂಡಿಯ ಶೌಚಾಲಯವೇ ಇದಕ್ಕೆ ಉತ್ತರ. ಗುಂಡಿಯ ಗೋಡೆಯ ಸಂದುಗಳಿಂದ ನೀರು ಮಣ್ಣಿಗೆ ಇಂಗುವುದರಿಂದ ಅದು ತುಂಬಲು ವರ್ಷಗಳೇ ಬೇಕು. ಒಂದು ತುಂಬಿದರೆ ಅದರ ದಾರಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ತುಂಬಿದ ಗುಂಡಿಯನ್ನು ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿನದೆಲ್ಲ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಮನೆಯವರೇ ಸಲಿಕೆಯಿಂದ ತೆಗೆದು ಹೊಲಕ್ಕೆ ಹಾಕಬಹುದು. ಎರೆಮಣ್ಣಿನಲ್ಲಿ ನೀರು ನಿಧಾನವಾಗಿ ಇಂಗುವುದರಿಂದ ಗುಂಡಿಯ ಸುತ್ತ ಮರಳು ತುಂಬಬೇಕು. ಬಾವಿಯಿಂದ ಗುಂಡಿ ದೂರವಿರಬೇಕು.

ನಮ್ಮ ಮನೆಯದೂ ಜೋಡಿ ಗುಂಡಿಯದೇ! ಆದರೆ ಗುತ್ತಿಗೆದಾರ ಬಂದ, ಕಟ್ಟಿದ, ಫೋಟೋ ತೆಗೆದು ಹೋದ. ವೈನಿಯನ್ನು ಯಾರೂ ಕೇಳಲಿಲ್ಲ. ಅವರಿಗೆ ಯಾರೂ ಏನನ್ನೂ ಹೇಳಲಿಲ್ಲ. ತಮ್ಮನ್ನು ಕೇಳದೆ ಕಟ್ಟಿದ್ದನ್ನು ಜನ ತಮ್ಮದೆಂದುಕೊಳ್ಳುವುದು ಹೇಗೆ?

ಒಂದು ಮನೆ ಬದಲಾದರೂ ಸಾಲದು. ನೊಣಕ್ಕೆ ಬೇಲಿಯಿಲ್ಲ. ನೆರೆಯವರು ಬಯಲಿಗೆ ಹೋದರೆ ನಮ್ಮ ಮಗುವಿಗೂ ಭೇದಿ ತಪ್ಪದು. ಆದ್ದರಿಂದ ಓಣಿಯವರೆಲ್ಲ ಕೂಡಿ ಕುಳಿತು ತೀರ್ಮಾನಿಸಬೇಕು. ನೀರು ಎಲ್ಲಿಂದ? ಜಾಗವಿಲ್ಲದ ಮನೆಗೆ ಏನು ದಾರಿ? ಹೆಂಗಸರ ಮಾತನ್ನು ಮೊದಲು ಕೇಳಬೇಕು. ಅದಕ್ಕೆಂದೇ ಗ್ರಾಮಸಭೆಯಿದೆ.

ಬಂಧುಗಳೇ, ಒಬ್ಬೊಬ್ಬನಾಗಿ ಕೇಳಿ ಸಿಗದ್ದನ್ನು ಸಂಘ ಕಟ್ಟಿ ಪಡೆದವರು ನಾವು. ಜಾತ್ರೆಗೆ ಊರಿಗೆ ಹೋದಾಗ ಆ ಪಾಠವನ್ನೂ ಒಯ್ಯೋಣ. ಶೌಚಾಲಯದ ಕಟ್ಟಿಗೆಯನ್ನು ನಾವೇ ಹೊರಗೆ ಹಾಕೋಣ, ತಂಬಿಗೆ ಹಿಡಿದು ಬಯಲಿಗೆ ಹೋಗುವುದನ್ನು ಗಂಡಸರಾದ ನಾವೇ ಮೊದಲು ಬಿಡೋಣ. ಊರಿಗೆ ಹಣ ಕಳಿಸಿದರೆ ಕರ್ತವ್ಯ ಮುಗಿಯಲಿಲ್ಲ.